ಡೀನ್ ಹುದ್ದೆ: ಒಪ್ಪಲೇ, ಬಿಡಲೇ?

ಪ್ರಶ್ನೆ:

ಉತ್ತರ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಅನುದಾನಿತ ಸ್ವಾಯತ್ತ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಸಹ ಪ್ರಾಧ್ಯಾಪಕಿ. ಸೇವೆ 18 ವರ್ಷ. ಸ್ಟೂಡೆಂಟ್ ಅಫೇರ್ಸ್ ಡೀನ್ ಆಗಿದ್ದ ಸರ್ ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಆ ಜಾಗಕ್ಕೆ ನೀವೇ ಬರಬೇಕು ಎಂದು ಪ್ರಾಂಶುಪಾಲರು ಕರೆದು ಹೇಳಿದ್ದಾರೆ. ಹುಡುಗಿಯರ ಸಂಖ್ಯೆ ಹೆಚ್ಚಾಗಿದೆ, ಮಕ್ಕಳು ನಿಮ್ಮ ಮಾತು ಕೇಳುತ್ತಾರೆ ಎನ್ನುವುದು ಅವರು ಕೊಟ್ಟ ಕಾರಣ. ಸ್ಟಾಫ್ ರೂಮಿನಲ್ಲಿ ಮಾತ್ರ ಎಲ್ಲರೂ "ಅದು ಪೊಲೀಸ್ ಕೆಲಸ, ಕೈ ಹಾಕಬೇಡಿ" ಎನ್ನುತ್ತಾರೆ.

ಎರಡು ವರ್ಷದ ಹಿಂದೆ ನಮ್ಮ ಹಾಸ್ಟೆಲ್ಲಿನ ಒಬ್ಬ ಹುಡುಗ ಆತ್ಮಹತ್ಯೆ ಮಾಡಿಕೊಂಡ. ಆಗ ಡೀನ್ ಸರ್ ಠಾಣೆಗೆ ಓಡಾಡಿದ್ದನ್ನು, ಹುಡುಗನ ಮನೆಯವರು ಅವರ ಕೊರಳಪಟ್ಟಿ ಹಿಡಿದದ್ದನ್ನು ನಾನೇ ನೋಡಿದ್ದೇನೆ. ನನ್ನ ಹೆಸರಿನಲ್ಲಿ ಸದ್ಯಕ್ಕೆ 6 ಸಂಶೋಧನಾ ಲೇಖನಗಳಿವೆ, ಇಬ್ಬರು ಪಿಎಚ್‌.ಡಿ. ಮಾಡುತ್ತಿದ್ದಾರೆ. ಮಗಳು ಈ ವರ್ಷ ಸೆಕೆಂಡ್ ಪಿಯು. ರಾತ್ರಿ ಎಲ್ಲ ಫೋನು ಬರುವ ಕೆಲಸ ಯಾಕೆ ಬೇಕು ಎಂದು ಮನೆಯವರು ಕೇಳುತ್ತಾರೆ. ಅವರ ಮಾತೂ ಸರಿಯೇ. ಆದರೆ ಆ ಹುಡುಗ ನನ್ನ ಪ್ರಾಕ್ಟಿಕಲ್ ಬ್ಯಾಚಿನವನು. ಸುಮ್ಮನೆ ಬೇಡ ಎನ್ನಲು ಮನಸ್ಸು ಬರುತ್ತಿಲ್ಲ. ಏನು ಮಾಡಲಿ?

ಉತ್ತರ:

ಒಪ್ಪಿಕೊಳ್ಳಿ ಎಂಬುದೇ ನನ್ನ ಸಲಹೆ. ಆದರೆ ಒಂದು ಷರತ್ತು ಈಡೇರದಿದ್ದರೆ ಖಂಡಿತ ಬೇಡ. ಶಿಸ್ತು ಸಮಿತಿಯ ಅಧ್ಯಕ್ಷತೆ ನಿಮ್ಮ ಕೊರಳಿಗೆ ಬೀಳಬಾರದು. ಮಕ್ಕಳ ಕಷ್ಟ ಕೇಳುವವರು, ಅವರಿಗೆ ಶಿಕ್ಷೆ ಬರೆಯುವವರು ಇಬ್ಬರೂ ಒಬ್ಬರೇ ಆದ ಕಾಲೇಜಿನಲ್ಲಿ ಡೀನ್ ಕೋಣೆಗೆ ಮಕ್ಕಳು ಬರುವುದು ಕರೆಸಿದಾಗ ಮಾತ್ರ. ಮೆಸ್ ಬಿಲ್ ಕಟ್ಟಲಾಗದವನು, ಸೀನಿಯರ್‌ಗಳ ಕಾಟ ತಾಳದವನು, ಊಟ ಬಿಟ್ಟು ಮಲಗಿದವಳು ತಾವಾಗಿ ಆ ಬಾಗಿಲು ತಟ್ಟುವುದಿಲ್ಲ. ನಾಳೆ ತನ್ನನ್ನು ಸಸ್ಪೆಂಡ್ ಮಾಡಬಹುದಾದವರ ಎದುರು ಕುಳಿತು ಯಾವ ಹುಡುಗನೂ ಮನಸ್ಸು ಬಿಚ್ಚಲಾರ. ನಿಮ್ಮ ಸಹೋದ್ಯೋಗಿಗಳು ಇದನ್ನು ಪೊಲೀಸ್ ಕೆಲಸ ಎನ್ನುವುದು ಸುಳ್ಳಲ್ಲ. ನಮ್ಮ ಎಷ್ಟೋ ಕಾಲೇಜುಗಳು ಇದನ್ನು ಹಾಗೆಯೇ ನಡೆಸಿಕೊಂಡು ಬಂದಿವೆ. ಐಡಿ ಕಾರ್ಡ್ ತಪಾಸಣೆ, ಗೇಟಿನಲ್ಲಿ ತಡವಾಗಿ ಬಂದವರ ಹೆಸರು ಬರೆದುಕೊಳ್ಳುವುದು, ಫೆಸ್ಟ್ ದಿನ ಡಿಜೆ ನಿಲ್ಲಿಸುವುದು, ಪೋಷಕರನ್ನು ಕರೆಸಿ ಮುಚ್ಚಳಿಕೆ ಬರೆಸುವುದು. ಇಷ್ಟೇ ಆದರೆ ನಿಮ್ಮಂಥವರು ಲ್ಯಾಬ್ ಬಿಟ್ಟು ಬರಬೇಕಾಗಿಲ್ಲ.

ಹಾಗಾದರೆ ಡೀನ್ ಮಾಡಬೇಕಾದದ್ದೇನು? ಪ್ರತಿ ಸೆಮಿಸ್ಟರಿನ ಕೊನೆಗೆ ನೋಟಿಸ್ ಬೋರ್ಡಿಗೆ ಬರುವ ಶಾರ್ಟೇಜ್ ಪಟ್ಟಿಯನ್ನೇ ತೆಗೆದುಕೊಳ್ಳಿ. ಶೇ. 75 ಹಾಜರಾತಿ ಇಲ್ಲದವರ ಹೆಸರುಗಳು. ನಮಗೆಲ್ಲ ಅದು ಹಾಲ್ ಟಿಕೆಟ್ ತಡೆಯುವ ಪಟ್ಟಿ. ಒಳ್ಳೆಯ ಡೀನ್ ಅದನ್ನು ಐದನೆಯ ವಾರದಲ್ಲೇ ತರಿಸಿಕೊಂಡು ಓದುತ್ತಾರೆ. ಆ ಹೊತ್ತಿಗೆ ಶೇ. 50ರ ಹತ್ತಿರ ಇಳಿದಿರುವ ಒಂದೊಂದು ಹೆಸರಿನ ಹಿಂದೆ ಏನಿದೆ ಎಂದು ಕೇಳಿ ನೋಡಿ. ಒಬ್ಬ ರಾತ್ರಿ ಹನ್ನೆರಡರ ತನಕ ಊಟದ ಪಾರ್ಸೆಲ್ ಹಂಚಿ ಬೆಳಗಿನ ಮೊದಲ ಪೀರಿಯಡ್ಡಿಗೆ ಏಳಲಾರ. ಒಬ್ಬಳ ತಾಯಿ ಆಸ್ಪತ್ರೆಯಲ್ಲಿದ್ದಾರೆ, ಮನೆಯಲ್ಲಿ ಅಡುಗೆ ಮಾಡುವವರು ಬೇರೆ ಯಾರೂ ಇಲ್ಲ. ಒಬ್ಬಳ ಊರಿನಿಂದ ಬರುವ ಬಸ್ಸು ಒಂದೇ, ಅದೂ ಒಂಬತ್ತೂವರೆಗೆ. ಒಬ್ಬ ಕನ್ನಡ ಮಾಧ್ಯಮದಿಂದ ಬಂದವನು, ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಅವಮಾನವಾಗಿ ಕ್ಲಾಸಿಗೆ ಬರುವುದನ್ನೇ ಬಿಟ್ಟಿದ್ದಾನೆ. ಇನ್ನೊಬ್ಬ ಏನೂ ಹೇಳುವುದಿಲ್ಲ, ಕೆಳಗೆ ನೋಡುತ್ತಾನೆ. ಅವನ ಬಗ್ಗೆಯೇ ಹೆಚ್ಚು ಯೋಚಿಸಬೇಕು. ಐದನೆಯ ವಾರದಲ್ಲಿ ಇವರೆಲ್ಲರಿಗೂ ದಾರಿ ಇದೆ. ಟೈಮ್ ಟೇಬಲ್ ಬದಲಿಸಬಹುದು, ಬೇರೆ ಬ್ಯಾಚಿಗೆ ಹಾಕಬಹುದು, ಸಾರಿಗೆ ಸಂಸ್ಥೆಯ ಡಿಪೊಗೆ ಪತ್ರ ಬರೆಯಬಹುದು, ಮೆಂಟರ್‌ಗೆ ಒಪ್ಪಿಸಬಹುದು. ಹದಿನೈದನೆಯ ವಾರದಲ್ಲಿ ಉಳಿಯುವುದು ಕೈಮುಗಿದು ನಿಂತ ಅಪ್ಪ ಅಮ್ಮ ಮಾತ್ರ.

ಹಣದ ವಿಷಯವೂ ಹೀಗೆಯೇ. ಸ್ಕಾಲರ್‌ಶಿಪ್ ಬಂದಿಲ್ಲ ಎಂದು ಬರುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಅರ್ಹತೆಯ ತೊಂದರೆಯೇ ಇರುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ, ಅಥವಾ ವರ್ಷಗಟ್ಟಲೆ ಬಳಸದೆ ಖಾತೆ ನಿಂತುಹೋಗಿದೆ. ಅರ್ಜಿ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಇತ್ತ ಆಫೀಸಿನಲ್ಲಿ ಫೀ ಬಾಕಿ ಎಂದು ದಿನಾ ಕರೆಸುತ್ತಿರುತ್ತಾರೆ. ಆ ಕೌಂಟರಿನ ಮುಂದೆ ಗೆಳೆಯರ ಎದುರು ತನ್ನ ಹೆಸರು ಕೂಗಿಸಿಕೊಳ್ಳುವ ಹುಡುಗನ ಸಂಕಟ ದೊಡ್ಡದು. ಕೇಸ್ ವರ್ಕರ್ ಒಬ್ಬರನ್ನು ವಾರಕ್ಕೆ ಎರಡು ಮಧ್ಯಾಹ್ನ ಇದೇ ಕೆಲಸಕ್ಕೆ ಕೂರಿಸಿ ಎಂದು ನೀವು ಪ್ರಾಂಶುಪಾಲರನ್ನು ಕೇಳಬಹುದು. ಇದರಲ್ಲಿ ಯಾವ ದೊಡ್ಡ ಮನಶ್ಶಾಸ್ತ್ರವೂ ಇಲ್ಲ, ಆದರೆ ಎಷ್ಟೋ ಮಕ್ಕಳು ಕಾಲೇಜು ಬಿಡದೆ ಉಳಿಯುವುದು ಇಂಥ ಕೆಲಸದಿಂದಲೇ.

ಈಗ ನಿಮ್ಮ ಭಯದ ಮಾತಿಗೆ ಬರುತ್ತೇನೆ. ಠಾಣೆ, ಕೇಸು, ಕೊರಳಪಟ್ಟಿ. ನೀವು ಕಂಡದ್ದು ಕಡಿಮೆಯದೇನಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಮಗನನ್ನು ಕಳೆದುಕೊಂಡ ತಂದೆ ಯಾರ ಮೇಲಾದರೂ ಸಿಟ್ಟಾಗಲೇಬೇಕು. ಡೀನ್ ಎದುರಿಗೆ ಸಿಗುತ್ತಾರೆ. ಪೊಲೀಸರು ಕರೆಸಿ ಹೇಳಿಕೆ ಪಡೆಯುವುದು ತನಿಖೆಯ ಭಾಗ, ಅಷ್ಟರಿಂದಲೇ ಅವರು ಆರೋಪಿಯಾಗುವುದಿಲ್ಲ. ಆತ್ಮಹತ್ಯೆಗೆ ಪ್ರಚೋದನೆ ಎಂಬ ಅಪರಾಧ, ಹಿಂದೆ ಐಪಿಸಿ 306, ಈಗ ಭಾರತೀಯ ನ್ಯಾಯ ಸಂಹಿತೆಯ 108, ಸಾಬೀತಾಗಬೇಕಾದರೆ ಪ್ರಚೋದಿಸಿದ್ದು ಅಥವಾ ಬೇಕೆಂದೇ ನೆರವಾದದ್ದು ಕಾಣಬೇಕು. ಮಗುವಿನ ಮಾತು ಕೇಳಿ, ಮನೆಗೆ ತಿಳಿಸಿ, ವೈದ್ಯರ ಹತ್ತಿರ ಕಳಿಸಿದ ಶಿಕ್ಷಕಿಗೆ ಆ ಕಲಮಿನ ಹೆದರಿಕೆ ಬೇಡ. ಆದರೆ ಮಾಡಿದ್ದನ್ನು ಬರೆದಿಡಿ. ಯಾವ ದಿನ ಬಂದಳು, ಏನು ಹೇಳಿದಳು, ನೀವು ಯಾರಿಗೆ ಫೋನ್ ಮಾಡಿದಿರಿ, ನಾಲ್ಕು ಸಾಲು ಸಾಕು. ಅದು ನಿಮಗೆ ರಕ್ಷಣೆ. ಮುಂದೆ ಅವಳನ್ನು ನೋಡಿಕೊಳ್ಳುವವರಿಗೂ ಅದೇ ಆಧಾರ. ಬರೆದದ್ದು ಬೀಗದ ಕಪಾಟಿನಲ್ಲಿರಲಿ.

ಒಂದು ಮಗುವಿನ ಮಾತಿನಲ್ಲಿ, ನಡೆಯಲ್ಲಿ ಅಂಥ ಸುಳಿವು ಕಂಡರೆ ಸುತ್ತಿಬಳಸದೆ ನೇರವಾಗಿ ಕೇಳಿ, "ಸಾಯಬೇಕು ಅಂತ ಅನ್ನಿಸ್ತಿದೆಯಾ?" ಎಂದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದೀತು ಎಂಬ ಹೆದರಿಕೆ ನಮ್ಮಲ್ಲಿ ತುಂಬ ಇದೆ. ಅದಕ್ಕೆ ಆಧಾರವಿಲ್ಲ. ಕೇಳಿಸಿಕೊಂಡ ಮಗುವಿಗೆ ಎಷ್ಟೋ ಸಲ ಉಸಿರು ಬಂದಂತಾಗುತ್ತದೆ. ಹೌದು ಎಂದರೆ ಆಕೆಯನ್ನು ಒಂಟಿ ಬಿಡಬೇಡಿ. "ಯಾರಿಗೂ ಹೇಳುವುದಿಲ್ಲ" ಎಂಬ ಮಾತು ಕೊಡಬೇಡಿ. ಜೀವದ ಪ್ರಶ್ನೆ ಬಂದಾಗ ಅದನ್ನು ಉಳಿಸಿಕೊಳ್ಳಲಾಗುವುದಿಲ್ಲ. ಆಕೆ ನಂಬುವ ಒಬ್ಬರನ್ನು ಕರೆಸಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ನೀವೇ ಕರೆದುಕೊಂಡು ಹೋಗಿ. ರಾತ್ರಿಯಾದರೆ ಟೆಲಿ ಮನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ರಾಷ್ಟ್ರೀಯ ಸೇವೆಯ ಬೆನ್ನೆಲುಬು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಆತ್ಮಹತ್ಯೆಗೆ ಯತ್ನಿಸಿ ಉಳಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ತಿಳಿಯಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮು ಹೇಳುತ್ತದೆ. ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆಗೆ ಹೋಗಲು ಹಿಂಜರಿಯುವ ಪೋಷಕರಿಗೆ ಈ ಮಾತನ್ನು ಬಿಡಿಸಿ ಹೇಳಿ.

ಇಷ್ಟೆಲ್ಲ ಹೇಳಿದ ಮೇಲೂ ನೀವು ಕೌನ್ಸೆಲರ್ ಆಗಬೇಡಿ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು, ಒಬ್ಬರನ್ನಾದರೂ, ಇಟ್ಟುಕೊಳ್ಳಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಕಾಲೇಜಿನಲ್ಲಿ ಅಂಥವರು ಇಲ್ಲವಾದರೆ, ಪ್ರಾಂಶುಪಾಲರ ಮುಂದೆ ಇಡುವ ಎರಡನೆಯ ಬೇಡಿಕೆ ಅದೇ ಆಗಲಿ. ಮನಶ್ಶಾಸ್ತ್ರ ಬೋಧಿಸುವ ಅತಿಥಿ ಉಪನ್ಯಾಸಕರಿಗೆ ಈ ಕೆಲಸ ಅಂಟಿಸಿ ಕೈತೊಳೆದುಕೊಳ್ಳಲು ಬಿಡಬೇಡಿ.

ಕಾನೂನು ಎಂದರೆ ಬೆದರಿಕೆ ಎಂದು ನಾವು ತಿಳಿದಿದ್ದೇವೆ. ಡೀನ್ ಸ್ಥಾನದಲ್ಲಿ ಕುಳಿತವರಿಗೆ ಅದು ಒರಗಿ ನಿಲ್ಲುವ ಗೋಡೆ. ರ‍್ಯಾಗಿಂಗ್ ಪ್ರಕರಣವನ್ನೇ ನೋಡಿ. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಅಮನ್ ಕಾಚ್ರೂ ಎಂಬ ಮೊದಲ ವರ್ಷದ ಹುಡುಗ ಸೀನಿಯರ್‌ಗಳ ಹೊಡೆತಕ್ಕೆ ಸಿಕ್ಕಿ ಸತ್ತ. ಅದೇ ವರ್ಷ ಯುಜಿಸಿ ರ‍್ಯಾಗಿಂಗ್ ತಡೆ ನಿಯಮಗಳು ಬಂದವು. ಕ್ರಿಮಿನಲ್ ಪ್ರಕರಣ ಎಂದು ಕಂಡರೆ ಮಾಹಿತಿ ಸಿಕ್ಕ 24 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರು ಎಫ್‌ಐಆರ್ ದಾಖಲಿಸಬೇಕು ಎಂದು ಅವು ಹೇಳುತ್ತವೆ. ಇನ್ನು ಮೇಲೆ ಯಾರಾದರೂ ನಿಮ್ಮ ಹತ್ತಿರ ಬಂದು "ಹುಡುಗರ ಭವಿಷ್ಯ ಮೇಡಂ, ಒಳಗೇ ಮುಗಿಸೋಣ, ಆಡಳಿತ ಮಂಡಳಿಯ ಹೆಸರು ಕೆಡುತ್ತದೆ" ಎಂದರೆ, ನಿಮ್ಮ ವೈಯಕ್ತಿಕ ಹಟದಿಂದ ಉತ್ತರಿಸುವ ಅಗತ್ಯವಿಲ್ಲ. ನಿಯಮದ ಪ್ರತಿಯನ್ನು ಮೇಜಿನ ಮೇಲಿಡಿ. ಹೊಡೆತ ತಿಂದ ಹುಡುಗನ ಭವಿಷ್ಯವೂ ಭವಿಷ್ಯವೇ.

ಲೈಂಗಿಕ ಕಿರುಕುಳದ ದೂರುಗಳಲ್ಲಿ ಇನ್ನೂ ಸ್ಪಷ್ಟತೆ ಇದೆ. ಯುಜಿಸಿಯ 2015ರ ನಿಯಮದ ಪ್ರಕಾರ ಡೀನ್, ವಿಭಾಗ ಮುಖ್ಯಸ್ಥರಂಥ ಹಿರಿಯ ಆಡಳಿತ ಹುದ್ದೆಯಲ್ಲಿರುವವರು ಆಂತರಿಕ ದೂರು ಸಮಿತಿಯ ಸದಸ್ಯರೇ ಆಗುವಂತಿಲ್ಲ. ಸಮಿತಿ ಯಾರ ಒತ್ತಡಕ್ಕೂ ಸಿಗಬಾರದು ಎಂಬುದೇ ಉದ್ದೇಶ. "ಹೆಂಗಸರು, ನೀವೇ ಅದನ್ನೂ ನೋಡಿಕೊಳ್ಳಿ" ಎಂದು ನಿಮಗೆ ಹೇಳುತ್ತಾರೆ, ನೋಡುತ್ತಿರಿ. ಒಪ್ಪಬೇಡಿ. ನಿಮ್ಮ ಕೆಲಸ ಹುಡುಗಿಯ ಜೊತೆ ಕುಳಿತು ದೂರು ಬರೆಯಲು ನೆರವಾಗುವುದು, ಅವಳ ಅಂಕಕ್ಕೆ, ಹಾಸ್ಟೆಲ್ ಸೀಟಿಗೆ ಏನೂ ಧಕ್ಕೆ ಬರದಂತೆ ಕಾಯುವುದು. ವಿಚಾರಣೆ ಸಮಿತಿಯದು, 90 ದಿನದಲ್ಲಿ ಮುಗಿಯಬೇಕು. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ, ನಮ್ಮ ವಾರ್ಡನ್‌ಗಳು ಓದಲೇಬೇಕಾದದ್ದು. ಸುರಕ್ಷತೆಯ ನೆಪ ಹೇಳಿ ಹುಡುಗಿಯರ ಹಾಸ್ಟೆಲ್ಲಿಗೆ ಹುಡುಗರಿಗಿಲ್ಲದ ಕಟ್ಟುಪಾಡು ಹಾಕುವಂತಿಲ್ಲ. ಹುಡುಗರಿಗೆ ಲೈಬ್ರರಿ ರಾತ್ರಿ ಒಂಬತ್ತರ ತನಕ, ಹುಡುಗಿಯರಿಗೆ ಆರಕ್ಕೇ ಗೇಟ್ ಬಂದ್ ಎಂಬ ಏರ್ಪಾಡು ಎಲ್ಲಿದ್ದರೂ ತಪ್ಪೇ. ಅದನ್ನು ಬದಲಿಸಲು ಒಬ್ಬ ಮಹಿಳಾ ಡೀನ್ ಬೇಕಾಗಿದ್ದರೆ, ನಿಮ್ಮ ಪ್ರಾಂಶುಪಾಲರು ಕೊಟ್ಟ ಕಾರಣಕ್ಕೆ ನಿಜವಾದ ಅರ್ಥ ಬರುತ್ತದೆ.

ಇಲ್ಲಿ ಪೋಷಕರ ಮಾತು ಬರುತ್ತದೆ. "ಮಗಳನ್ನು ನಿಮ್ಮ ಮಡಿಲಿಗೆ ಹಾಕಿದ್ದೇವೆ" ಎನ್ನುತ್ತಾರೆ. ಪ್ರೀತಿಯ ಮಾತು ಅದು. ಆದರೆ ಅದರ ಹಿಂದೆಯೇ "ಅವಳು ಯಾರ ಜೊತೆ ಮಾತಾಡುತ್ತಾಳೆ ನೋಡಿ ಹೇಳಿ" ಎಂಬ ಕೋರಿಕೆಯೂ ಬರಬಹುದು. ಮಗಳಿಗೆ ಹದಿನೆಂಟು ದಾಟಿದೆ. ಬೇರೆ ಜಾತಿಯ, ಬೇರೆ ಧರ್ಮದ ಹುಡುಗನ ಜೊತೆ ಕ್ಯಾಂಟೀನಿನಲ್ಲಿ ಕುಳಿತದ್ದನ್ನು ಮನೆಗೆ ವರದಿ ಮಾಡುವ ಡೀನ್ ಆ ಹುಡುಗಿಯನ್ನು ಎಂಥ ಅಪಾಯಕ್ಕೆ ದೂಡುತ್ತಾರೆ ಎಂಬುದನ್ನು ನಮ್ಮ ಜಿಲ್ಲೆಗಳಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಆರೋಗ್ಯ, ಓದು, ಜೀವಕ್ಕೆ ಅಪಾಯ ಇವು ಮನೆಗೆ ತಿಳಿಯಲಿ. ಉಳಿದದ್ದು ಅವಳದು.

ಅಮೆರಿಕದಲ್ಲಿ ಈ ಹುದ್ದೆ ಹುಟ್ಟಿದಾಗ ಅಲ್ಲಿಯೂ ಡೀನ್‌ಗಳು ತಂದೆತಾಯಿಯ ಸ್ಥಾನದಲ್ಲಿ ನಿಂತು ಆಳುತ್ತಿದ್ದರು. 1960ರಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ, ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಕೋರ್ಟ್ ಕಟ್ಟಡದ ಉಪಾಹಾರ ಗೃಹದಲ್ಲಿ ಕುಳಿತು ಪ್ರತಿಭಟಿಸಿದ ಕಪ್ಪು ವಿದ್ಯಾರ್ಥಿಗಳನ್ನು ಅವರ ಸರ್ಕಾರಿ ಕಾಲೇಜು ಒಂದು ಮಾತೂ ಕೇಳದೆ ಹೊರಹಾಕಿತು. ಆ ವಿದ್ಯಾರ್ಥಿಗಳು ಹೂಡಿದ ಡಿಕ್ಸನ್ ಪ್ರಕರಣದಲ್ಲಿ ಮರುವರ್ಷ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ನೋಟಿಸ್ ಕೊಡದೆ, ವಾದ ಕೇಳದೆ ಸರ್ಕಾರಿ ಕಾಲೇಜು ಯಾರನ್ನೂ ತೆಗೆಯುವಂತಿಲ್ಲ ಎಂದಿತು. ತಂದೆಯ ಹೆಸರಿನಲ್ಲಿ ನಡೆಯುತ್ತಿದ್ದ ಆಳ್ವಿಕೆಗೆ ಅಲ್ಲಿಂದ ಪೆಟ್ಟು ಬಿತ್ತು. ನಮ್ಮ ಕೋರ್ಟುಗಳು ಸಹಜ ನ್ಯಾಯ ಎನ್ನುವುದೂ ಇದನ್ನೇ. ಶಿಸ್ತು ಸಮಿತಿ ಬೇರೆಯವರ ಕೈಯಲ್ಲಿದ್ದರೂ, ಅಲ್ಲಿಗೆ ಹೋದ ಹುಡುಗನಿಗೆ ಆರೋಪ ಬರಹದಲ್ಲಿ ಸಿಕ್ಕಿದೆಯೇ, ಮಾತಾಡಲು ಬಿಟ್ಟರೇ ಎಂದು ಕೇಳುವುದು ನಿಮ್ಮ ಹಕ್ಕು. ಅವನಿಗೆ ಅನ್ಯಾಯವಾಗಿದ್ದರೆ 2023ರ ಯುಜಿಸಿ ನಿಯಮದ ಕುಂದುಕೊರತೆ ಸಮಿತಿ ಇದೆ, ಅದರ ಮೇಲೆ ಓಂಬುಡ್ಸ್‌ಪರ್ಸನ್ ಇದ್ದಾರೆ. ಮಕ್ಕಳಿಗೆ ಈ ದಾರಿಗಳೇ ಗೊತ್ತಿಲ್ಲ. ಮೊದಲ ವರ್ಷದ ಪರಿಚಯ ಕಾರ್ಯಕ್ರಮದಲ್ಲಿ ಅತಿಥಿಗಳ ಸನ್ಮಾನಕ್ಕೆ ಕೊಡುವ ಸಮಯದಲ್ಲಿ ಅರ್ಧ ಇದಕ್ಕೆ ಕೊಡಿ.

ವೃತ್ತಿಯ ಲೆಕ್ಕವನ್ನೂ ಮಾಡೋಣ, ಅದರಲ್ಲಿ ಸಂಕೋಚ ಬೇಡ. ಹೊರದೇಶಗಳಲ್ಲಿ ಇದಕ್ಕೇ ಓದಿ, ಇದರಲ್ಲೇ ಮೇಲೇರುವವರಿದ್ದಾರೆ. ನಮ್ಮಲ್ಲಿ ಅಧ್ಯಾಪಕರೇ ಕೆಲವು ವರ್ಷ ಹೊತ್ತು ಮತ್ತೆ ತರಗತಿಗೆ ಮರಳುವ ಜವಾಬ್ದಾರಿ ಇದು. ಯುಜಿಸಿಯ 2018ರ ನಿಯಮದಲ್ಲಿ ಬಡ್ತಿಗಾಗಿ ನೋಡುವ ಚಟುವಟಿಕೆಗಳ ಪಟ್ಟಿಯಲ್ಲಿ ಡೀನ್, ವಾರ್ಡನ್ ಕೆಲಸಗಳಿಗೆ ಜಾಗವಿದೆ. ಆದರೆ ಅವು ಸಂಶೋಧನೆಗೆ ಬದಲಿಯಾಗುವುದಿಲ್ಲ. ಮುಂದೆ ಪ್ರಾಂಶುಪಾಲರಾಗುವ ಆಸೆ ಇದ್ದರೆ, ಅದೇ ನಿಯಮ ಪಿಎಚ್‌.ಡಿ., 15 ವರ್ಷದ ಅನುಭವ, ಕನಿಷ್ಠ 10 ಪ್ರಕಟಣೆ ಮತ್ತು 110 ಸಂಶೋಧನಾ ಅಂಕ ಕೇಳುತ್ತದೆ. ನಿಮ್ಮ ಸೇವೆ ಸಾಕು, ಲೇಖನಗಳು ಸಾಲವು. ಡೀನ್ ಆಗಿ ಎಷ್ಟು ಮಕ್ಕಳನ್ನು ಉಳಿಸಿದಿರಿ ಎಂದು ಆಯ್ಕೆ ಸಮಿತಿ ಕೇಳುವುದಿಲ್ಲ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ, ಆದರೆ ಸದ್ಯಕ್ಕೆ ಇರುವುದು ಹೀಗೆ. ಆದ್ದರಿಂದ ವಾರದಲ್ಲಿ ಒಂದು ಪೂರ್ತಿ ದಿನ ಲ್ಯಾಬಿಗೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಪಿಎಚ್‌.ಡಿ. ಮಾಡುತ್ತಿರುವ ಆ ಇಬ್ಬರೂ ನಿಮ್ಮ ವಿದ್ಯಾರ್ಥಿಗಳೇ. ಸಹ ಪ್ರಾಧ್ಯಾಪಕರಿಗೆ ವಾರಕ್ಕೆ 14 ಗಂಟೆ ಬೋಧನೆ. ಅದರಲ್ಲಿ ಎಷ್ಟು ಕಡಿಮೆ ಮಾಡುತ್ತಾರೆ ಎಂಬುದು ಆದೇಶದಲ್ಲಿ ಬರಲಿ. ಪೂರ್ತಿ ಬಿಡಿಸುತ್ತೇವೆ ಎಂದರೆ ಬೇಡ ಎನ್ನಿ. ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ಪ್ರಾಕ್ಟಿಕಲ್ ಒಂದನ್ನು ಇಟ್ಟುಕೊಳ್ಳಿ. ಹೊಸ ಮಕ್ಕಳು ನಿಮ್ಮನ್ನು ಮೊದಲು ಟೀಚರ್ ಆಗಿ ಕಂಡರೆ ಆಮೇಲೆ ಡೀನ್ ಕೋಣೆಗೆ ಬರುವುದು ಸುಲಭ.

ಮನೆಯವರ ಮಾತಿಗೆ ಬೆಲೆ ಕೊಡಿ. ಹಾಸ್ಟೆಲ್ಲಿನ ರಾತ್ರಿ ಫೋನಿಗೆ ಬೇರೆ ನಂಬರ್ ಇರಲಿ. ಅದು ವಾರ್ಡನ್‌ಗಳು, ಇನ್ನಿಬ್ಬರು ಅಧ್ಯಾಪಕರು ಮತ್ತು ನೀವು ಸರದಿಯಲ್ಲಿ ಹೊರುವ ಫೋನ್ ಆಗಲಿ. ಮಗಳ ಬೋರ್ಡ್ ಪರೀಕ್ಷೆಯ ದಿನಗಳಲ್ಲಿ ನಿಮ್ಮ ಸರದಿ ಬೇಡ ಎಂದು ಈಗಲೇ ಹೇಳಿಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಎಲ್ಲ ಕರೆಯನ್ನೂ ತಾನೇ ಎತ್ತುವ ಡೀನ್ ಎರಡನೆಯ ವರ್ಷಕ್ಕೆ ಸಿಡುಕುತ್ತಾರೆ. ಆ ಸಿಡುಕು ಮೊದಲು ತಟ್ಟುವುದು ಕಷ್ಟ ಹೇಳಿಕೊಳ್ಳಲು ಬಂದ ಮಗುವಿಗೆ.

ಆ ಹುಡುಗನ ಬಗ್ಗೆ ಬರೆದಿದ್ದೀರಿ. ನಾನು ಏನೂ ಗಮನಿಸಲಿಲ್ಲವಲ್ಲ ಎಂಬ ಪ್ರಶ್ನೆ ನಿಮ್ಮನ್ನು ಬಿಟ್ಟಿಲ್ಲ ಎಂದು ತೋರುತ್ತದೆ. ವಾರಕ್ಕೆ ಒಮ್ಮೆ ಪ್ರಾಕ್ಟಿಕಲ್‌ನಲ್ಲಿ ಕಾಣುವ ಶಿಕ್ಷಕಿಗೆ ಎಲ್ಲವೂ ಕಾಣುವುದಿಲ್ಲ. ಕಂಡವರೂ ಯಾರಿಗೆ ಹೇಳಬೇಕೆಂದು ತಿಳಿಯದೆ ಸುಮ್ಮನಾಗಿರುತ್ತಾರೆ. ಮೆಸ್ಸಿನ ಅಡುಗೆಯವರು, ರೂಮ್‌ಮೇಟ್, ಲ್ಯಾಬ್ ಅಟೆಂಡರ್, ಇವರಲ್ಲಿ ಒಬ್ಬೊಬ್ಬರು ಒಂದೊಂದು ಚೂರು ಕಂಡಿರಬಹುದು. ಆ ಚೂರುಗಳು ಒಂದೆಡೆ ಸೇರುವ ಜಾಗ ನಿಮ್ಮ ಕಾಲೇಜಿನಲ್ಲಿ ಇರಲಿಲ್ಲ. ಆ ತಪ್ಪನ್ನು ನೀವು ಒಬ್ಬರೇ ಹೊತ್ತುಕೊಳ್ಳಬೇಡಿ. ಪ್ರಾಯಶ್ಚಿತ್ತಕ್ಕೆ ಎಂದು ಈ ಹುದ್ದೆ ಒಪ್ಪಲೂ ಬೇಡಿ, ಹಾಗೆ ಒಪ್ಪಿದವರು ಯಾವ ಮಿತಿಯನ್ನೂ ಹಾಕಿಕೊಳ್ಳಲಾರರು. ಅಂಥದೊಂದು ಜಾಗ ಕಟ್ಟಲು ಮನಸ್ಸಿದ್ದರೆ ಒಪ್ಪಿ.

ಪ್ರಾಂಶುಪಾಲರನ್ನು ಕಾಣುವಾಗ ಬಾಯಿಮಾತಿನಲ್ಲಿ ಹೂಂ ಅನ್ನಬೇಡಿ. ಒಂದು ಪುಟದ ಪತ್ರ ಒಯ್ಯಿರಿ. ಶಿಸ್ತು ಸಮಿತಿಗೆ ಬೇರೆ ಅಧ್ಯಕ್ಷರು, ಅರ್ಹ ಕೌನ್ಸೆಲರ್, ಬೋಧನೆಯಲ್ಲಿ ರಿಯಾಯಿತಿ, ಮೂರು ವರ್ಷದ ಅವಧಿ, ತುರ್ತಿಗೆ ನೀವೇ ಕೊಡಬಹುದಾದ ಸಣ್ಣ ನಿಧಿ. ಎರಡನೆಯದರಿಂದ ಐದನೆಯದರ ತನಕ ಚೌಕಾಶಿಗೆ ಅವಕಾಶವಿದೆ. ಕೌನ್ಸೆಲರ್ ವಾರಕ್ಕೆ ಮೂರು ದಿನ ಬಂದರೂ ಸದ್ಯಕ್ಕೆ ನಡೆದೀತು. ಮೊದಲನೆಯದಕ್ಕೆ "ಆಮೇಲೆ ನೋಡೋಣ" ಎಂದರೆ, ಶಿಸ್ತು ಸಮಿತಿಯ ಆದೇಶ ಬದಲಾದ ಮೇಲೆ ಬಂದು ಸೇರುತ್ತೇನೆ ಎಂದು ವಿನಯದಿಂದ ಹೇಳಿ ಪತ್ರಕ್ಕೆ ಸ್ವೀಕೃತಿ ಪಡೆದು ಬನ್ನಿ.